ಗಾಳಿಯನ್ನು ನಂಬಿದ ಗಾಡಿ

ಅಮೆರಿಕಾ ಸಂಯುಕ್ತ ಸಂಸ್ಥಾನದ ಕೊಲೊರಾಡೊ ಪ್ರಾಂತದಲ್ಲಿ ಸ್ಯಾನ್ ವಾನ್ ಎಂಬ ಪರ್ವತಶ್ರೇಣಿಯುಂಟು. ಒಂದು ಕಾಲಕ್ಕೆ ಚಿನ್ನ ಬೆಳ್ಳಿಗಳ ಗಣಿಗೆಂದು ಬಂಡೆ ಕಡಿದು ಮಾಡಿದ ದಾರಿಗಳು ಇಂದಿಗೂ ಅಲ್ಲಿಯ ಬೆಟ್ಟಗಳ ಮೈಮೇಲೆ ಬಿಚ್ಚಿದ ಹಗ್ಗದ ಸುರುಳಿಗಳಂತೆ ಬಿದ್ದಿವೆ. ಅವುಗಳಲ್ಲಿ ಒಂದು, ಯೂರೇ ಎಂಬ ಪುಟ್ಟ ಊರಿನಿಂದ ಹೊರಟು, 13,114 ಅಡಿ ಎತ್ತರದ ಇಮೊಜೀನ್ ಕಣಿವೆಯನ್ನು ದಾಟಿ, ಟೆಲ್ಯುರೈಡ್ ಎಂಬ ಇನ್ನೊಂದು ಊರಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಹಿಮ ಕರಗಿದಾಗ ಮಾತ್ರ ತೆರೆಯುವ ದಾರಿ ಅದು. ಸಾಧಾರಣ ಕಾರಿಗೆ ನಿಲುಕುವಂಥದಲ್ಲ. ನಾಲ್ಕು ಚಕ್ರಗಳಿಗೂ ಇಂಜಿನಿನ ಶಕ್ತಿ ಹರಿಯುವ ಜೀಪಿನಂಥ ಗಾಡಿಗಳೇ ಆಗಬೇಕು.

ಅಂಥ ದಾರಿಯಲ್ಲಿ ಸೆಪ್ಟೆಂಬರ್ ತಿಂಗಳ ಒಂದು ಅಪರಾಹ್ನವನ್ನು ವಾಚಕರು ಕಲ್ಪಿಸಿಕೊಳ್ಳಲಿ. ತಂದೆ ಗಾಡಿ ನಡೆಸುತ್ತಿದ್ದಾನೆ. ಪಕ್ಕದಲ್ಲಿ ತಾಯಿ, ಹಿಂದೆ ಇಬ್ಬರು ಮಕ್ಕಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಇದ್ದಕ್ಕಿದ್ದಂತೆ ಆಲಿಕಲ್ಲಿನ ಮಳೆ ಬಂದು ದಾರಿ ಜಾರತೊಡಗುತ್ತದೆ. ತಂದೆ ಗಾಬರಿಯಾಗುವುದಿಲ್ಲ. ತನ್ನದು ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲವೆ? ಗಾಡಿಯನ್ನು ನಿಲ್ಲಿಸಿ, ಗೇರಿನ ಪಕ್ಕದಲ್ಲಿರುವ ಸಣ್ಣ ಸನ್ನೆಗೋಲನ್ನು ನಿಶ್ಚಿಂತೆಯಿಂದ ಎಳೆಯುತ್ತಾನೆ. ಸನ್ನೆಗೋಲು ತನ್ನ ಸ್ಥಾನಕ್ಕೆ ಬಂದು ಕೂರುತ್ತದೆ. ಇಂಜಿನು ಗರ್ಜಿಸುತ್ತದೆ. ಹಿಂದಿನ ಚಕ್ರಗಳು ಕೆಸರನ್ನು ಚಿಮ್ಮಿಸುತ್ತ ತಾವು ನಿಂತಲ್ಲೇ ಹೊಂಡ ತೋಡುತ್ತವೆ. ಮುಂದಿನ ಚಕ್ರಗಳು ಮಾತ್ರ ಪಕ್ಕದ ಮನೆಯ ಜಗಳವನ್ನು ನೋಡುತ್ತ ನಿಂತವರಂತೆ ಸುಮ್ಮನಿವೆ.

ಸನ್ನೆಗೋಲು ತನ್ನ ಕೆಲಸ ಮಾಡಿದೆ, ಇಂಜಿನಿಗೆ ರೋಗವಿಲ್ಲ, ಹಲ್ಲಿನ ಗಾಲಿಗಳಲ್ಲಿ ಒಂದೂ ಮುರಿದಿಲ್ಲ. ಕೈಕೊಟ್ಟದ್ದು ಬೆರಳಿನಷ್ಟೂ ದಪ್ಪವಿಲ್ಲದ, ಎಲ್ಲೋ ಗಾಡಿಯ ಹೊಟ್ಟೆಯ ಕೆಳಗೆ ಅಡಗಿರುವ ಒಂದು ರಬ್ಬರಿನ ನಳಿಗೆ! ಹಳೆಯ ಗಾಡಿಗಳ ಎಷ್ಟೋ ಜನ ಒಡೆಯರು ಈ ನಳಿಗೆಯನ್ನು ಕಿತ್ತೆಸೆದು, ಆ ಸ್ಥಾನದಲ್ಲಿ ಕೈಯಿಂದ ಎಳೆಯುವ ಒಂದು ತಂತಿಯನ್ನು ಹಾಕಿಕೊಂಡಿದ್ದಾರೆ. ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋದ ಈ ಕತೆ ವಿಚಿತ್ರವೆನಿಸಿದರೂ ವಿಚಾರ ಮಾಡತಕ್ಕದ್ದಾಗಿದೆ.

ದುಡಿಯದ ಚಕ್ರಗಳ ಸಮಸ್ಯೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೇನೆಗಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಸಾವಿರಾರು ಜೀಪುಗಳು ರೈತರ, ಬೇಟೆಗಾರರ, ಸರ್ವೇ ಅಧಿಕಾರಿಗಳ ಕೈಸೇರಿದವು. ಯುದ್ಧಭೂಮಿಯಲ್ಲಿ ಯಾರೂ ಗಮನಿಸದ ಒಂದು ಸಂಗತಿ ಆಗ ಬೆಳಕಿಗೆ ಬಂದಿತು. ಹೊಲಗದ್ದೆಗಳಲ್ಲಿ ನಾಲ್ಕು ಚಕ್ರಗಳ ಎಳೆತ ವರವೇ ಹೌದು. ಆದರೆ ಗಾಡಿ ಓಡಾಡುವುದು ಬಹುಪಾಲು ಒಳ್ಳೆಯ ರಸ್ತೆಯ ಮೇಲೆ. ಅಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಅಗತ್ಯವಿಲ್ಲ. ಕೊಡಲೂ ಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಎರಡನ್ನೂ ಒಂದೇ ವೇಗಕ್ಕೆ ಬಿಗಿದುಬಿಟ್ಟರೆ ಒಣಗಿದ ಗಟ್ಟಿನೆಲದ ಮೇಲೆ ಹಲ್ಲಿನ ಗಾಲಿಗಳೂ ಷಾಫ್ಟುಗಳೂ ಒಂದರೊಡನೊಂದು ಸೆಣಸಾಡಿ ಸವೆಯುತ್ತವೆ.

ಶಕ್ತಿ ಕೊಡುವುದನ್ನು ನಿಲ್ಲಿಸುವುದು ಸುಲಭ. ಅದಕ್ಕೆಂದೇ ಟ್ರಾನ್ಸ್‌ಫರ್ ಕೇಸ್ ಎಂಬ ಹಂಚಿಕೆಯ ಪೆಟ್ಟಿಗೆಯಿದೆ. ಇಂಜಿನಿನಿಂದ ಬಂದ ಶಕ್ತಿಯನ್ನು ಹಿಂದಕ್ಕೆ ಮಾತ್ರ ಕಳಿಸಬೇಕೋ, ಮುಂದಕ್ಕೂ ಕಳಿಸಬೇಕೋ ಎಂಬುದನ್ನು ಅದರ ಸನ್ನೆಗೋಲು ನಿರ್ಧರಿಸುತ್ತದೆ. ಆದರೆ ಶಕ್ತಿ ಬಾರದಿದ್ದರೂ ಮುಂದಿನ ಚಕ್ರಗಳು ರಸ್ತೆಯ ಮೇಲೆ ಉರುಳುತ್ತಲೇ ಇರುತ್ತವೆ. ಅವು ಉರುಳುವಾಗ ತಮ್ಮೊಡನೆ ಇರುಸನ್ನೂ, ಡಿಫರೆನ್ಷಿಯಲ್ ಎಂಬ ಹಲ್ಲಿನ ಗಾಲಿಗಳ ಗುಂಪನ್ನೂ, ಪೆಟ್ಟಿಗೆಯವರೆಗೆ ಹೋಗುವ ಉದ್ದನೆಯ ಪ್ರೊಪೆಲರ್ ಷಾಫ್ಟನ್ನೂ ವ್ಯರ್ಥವಾಗಿ ತಿರುಗಿಸುತ್ತವೆ. ಬೀಸಲು ಕಾಳಿಲ್ಲದಿದ್ದರೂ ಬೀಸುವ ಕಲ್ಲನ್ನು ಹಗಲಿಡೀ ತಿರುಗಿಸಿದಂತೆ! ಸವೆತ, ಸದ್ದು, ಪೆಟ್ರೋಲಿನ ನಷ್ಟ ಮೂರೂ ಕಟ್ಟಿಟ್ಟದ್ದು.

ಇದಕ್ಕೆ ಪರಿಹಾರವನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಸಿಯಾಟಲ್ ನಗರದ ಆರ್ಥರ್ ವಾರ್ನ್. ಚಕ್ರದ ಗುಂಬದಲ್ಲೇ ಒಂದು ಬಿಗಿಹಾಕುವ ಸಾಧನವನ್ನಿಟ್ಟು, ಬೇಕಾದಾಗ ಚಕ್ರವನ್ನು ಇರುಸಿಗೆ ಕೂಡಿಸುವ, ಬೇಡವಾದಾಗ ಬಿಡಿಸುವ ಏರ್ಪಾಡನ್ನು ಆತ 1948ರಲ್ಲಿ ಮಾರಾಟಕ್ಕೆ ತಂದನು. ಸಾಧನ ಗಟ್ಟಿಯಾಗಿತ್ತು, ಸರಳವಾಗಿತ್ತು. ಕೊರತೆ ಒಂದೇ: ಕೆಸರು ಬಂದೊಡನೆ ಗಾಡಿಯಿಂದ ಇಳಿದು, ಎರಡೂ ಚಕ್ರಗಳ ಬಳಿ ಬಗ್ಗಿ, ಕೈಯಿಂದ ತಿರುವಬೇಕು. ರೈತನಿಗೆ ಇದೇನೂ ಕಷ್ಟವಲ್ಲ. ಆದರೆ 1980ರ ದಶಕದ ಹೊತ್ತಿಗೆ ಇಂಥ ಗಾಡಿಗಳನ್ನು ಕೊಳ್ಳುವವರು ಬದಲಾಗಿದ್ದರು. ಆಫೀಸಿಗೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಡುವವರು, ವಾರಕ್ಕೊಮ್ಮೆ ಪೇಟೆಯ ಸಾಮಾನು ತರುವವರು. ಹಿಮ ಬೀಳುವ ಮುಂಜಾನೆ ಒಳ್ಳೆಯ ಬಟ್ಟೆಯಲ್ಲಿ ಚಕ್ರದ ಮುಂದೆ ಮಂಡಿಯೂರಲು ಅವರು ಸಿದ್ಧರಿರಲಿಲ್ಲ. ಕುಳಿತಲ್ಲಿಂದಲೇ ಎಲ್ಲವೂ ಆಗಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

ಎರಡು ತುಂಡಾದ ಇರುಸು

ಆ ಬೇಡಿಕೆಗೆ ಕಾರ್ಖಾನೆಗಳು ಕೊಟ್ಟ ಉತ್ತರ ನಿಜಕ್ಕೂ ಚತುರವಾದದ್ದು. 1984ರ ಮಾದರಿಯಾಗಿ ಬಂದ ಜೀಪ್ ಚೆರೊಕೀಯಲ್ಲಿಯೂ, 1987ರಿಂದ 1995ರವರೆಗಿನ ಮಾದರಿಯ ಜೀಪ್ ರ್‍ಯಾಂಗ್ಲರಿನಲ್ಲಿಯೂ ಅದನ್ನು ಕಾಣಬಹುದು. ಈ ಗಾಡಿಗಳಲ್ಲಿ ಮುಂದಿನ ಡಿಫರೆನ್ಷಿಯಲ್ ನಡುವಿನಲ್ಲಿಲ್ಲ, ಎಡಕ್ಕೆ ಸರಿದಿದೆ. ಎಡಚಕ್ರಕ್ಕೆ ಹೋಗುವ ಇರುಸು ಗಿಡ್ಡ, ಬಲಚಕ್ರದ್ದು ಉದ್ದ. ಆ ಉದ್ದನೆಯ ಬಲ ಇರುಸನ್ನು ಇಂಜಿನಿಯರುಗಳು ಮಧ್ಯದಲ್ಲಿ ಎರಡು ತುಂಡು ಮಾಡಿದರು. ತುಂಡುಗಳ ಎದುರುಬದಿರಾದ ತುದಿಗಳಲ್ಲಿ ಸಣ್ಣ ಹಲ್ಲುಗಳನ್ನು ಕೊರೆದು, ಅವುಗಳ ಮೇಲೆ ಬಳೆಯಂಥ ಒಂದು ಕಾಲರನ್ನು ತೊಡಿಸಿದರು. ಕಾಲರು ಒಂದೇ ತುಂಡಿನ ಮೇಲೆ ನಿಂತಿದ್ದರೆ ಇರುಸು ಬೇರೆ ಬೇರೆ. ಎರಡೂ ತುಂಡುಗಳನ್ನು ಆವರಿಸುವಂತೆ ಜಾರಿದರೆ ಇರುಸು ಒಂದೇ.

ಒಂದು ಕಡೆ ಮಾತ್ರ ಬಿಡಿಸಿದರೆ ಸಾಕೇ, ಎಂಬ ಸಂದೇಹ ಸಹಜ. ಸಾಕು. ಬಲ ಇರುಸು ಬಿಟ್ಟುಕೊಂಡಾಗ ಎಡಚಕ್ರ ತನ್ನ ಇರುಸನ್ನು ಮುಂದಕ್ಕೆ ತಿರುಗಿಸುತ್ತದೆ. ಡಿಫರೆನ್ಷಿಯಲಿನೊಳಗಿನ ಪುಟ್ಟ ಗಾಲಿಗಳು ಆ ಚಲನೆಯನ್ನು ಹಿಮ್ಮುಖವಾಗಿಸಿ ಬಲಗಡೆಯ ಒಳತುಂಡಿಗೆ ಕೊಡುತ್ತವೆ. ಆ ತುಂಡು ಯಾವ ಚಕ್ರಕ್ಕೂ ಅಂಟಿಲ್ಲವಾದ್ದರಿಂದ ಹಿಂದುಮುಂದಾಗಿ ನಿರಾಯಾಸವಾಗಿ ತಿರುಗುತ್ತಿರುತ್ತದೆ. ಡಿಫರೆನ್ಷಿಯಲಿನ ದೊಡ್ಡ ಗಾಲಿಯೂ ಉದ್ದನೆಯ ಪ್ರೊಪೆಲರ್ ಷಾಫ್ಟೂ ನಿಶ್ಚಲವಾಗಿ ವಿಶ್ರಮಿಸುತ್ತವೆ. ಎರಡು ಚಕ್ರಗಳ ಕೆಲಸವನ್ನು ಒಂದೇ ಕಾಲರಿನಿಂದ ಸಾಧಿಸಿದ ಈ ಜಾಣ್ಮೆಯನ್ನು ಮೆಚ್ಚದಿರಲಾಗದು.

ಪ್ರಶ್ನೆ ಉಳಿದದ್ದು ಒಂದೇ: ಆ ಕಾಲರನ್ನು ಜಾರಿಸುವವರು ಯಾರು?

ವಾಯುವಿನ ಬಲ

1650ರ ದಶಕದಲ್ಲಿ ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್ ಆಟೋ ಫಾನ್ ಗೆರಿಕೆ ಒಂದು ಪ್ರದರ್ಶನ ಏರ್ಪಡಿಸಿದ್ದನು. ತಾಮ್ರದ ಎರಡು ಅರ್ಧಗೋಳಗಳನ್ನು ಬಾಯಿಗೆ ಬಾಯಿ ಹೊಂದಿಸಿ ಒಳಗಿನ ಗಾಳಿಯನ್ನು ಪಂಪಿನಿಂದ ಹೊರಗೆಳೆದನು. ಎರಡು ಕಡೆಗೂ ಕುದುರೆಗಳ ತಂಡಗಳನ್ನು ಕಟ್ಟಿ ಎಳೆಸಿದರೂ ಗೋಳ ಬಿಚ್ಚಿಕೊಳ್ಳಲಿಲ್ಲ. ಗೋಳವನ್ನು ಹಿಡಿದಿಟ್ಟದ್ದು ಒಳಗಿನ ನಿರ್ವಾತವಲ್ಲ. ಹೊರಗಿನಿಂದ ಅದುಮುತ್ತಿದ್ದ ವಾಯುಮಂಡಲ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಅಂಗುಲದ ಮೇಲೂ ಗಾಳಿಯ ಒತ್ತಡ 14.7 ಪೌಂಡು, ಪಾದರಸದ ಕಂಬದಲ್ಲಿ ಅಳೆದರೆ ಸುಮಾರು 30 ಅಂಗುಲ. ಎದುರುಗಡೆ ಗಾಳಿಯಿಲ್ಲದಿದ್ದರೆ ಮಾತ್ರ ಅದರ ಬಲ ನಮಗೆ ಗೋಚರವಾಗುತ್ತದೆ.

ಪೆಟ್ರೋಲ್ ಇಂಜಿನು ತಾನು ಓಡುವಾಗಲೇ ಇಂಥ ಅರೆನಿರ್ವಾತವನ್ನು ಪುಕ್ಕಟೆಯಾಗಿ ಸೃಷ್ಟಿಸುತ್ತದೆ. ಸಿಲಿಂಡರುಗಳು ಗಾಳಿಯನ್ನು ಹೀರುತ್ತವೆ. ಆ್ಯಕ್ಸಿಲರೇಟರನ್ನು ಒತ್ತದಿರುವಾಗ ಗಾಳಿಯ ದ್ವಾರ ಹೆಚ್ಚು ಕಡಿಮೆ ಮುಚ್ಚಿರುತ್ತದೆ. ದ್ವಾರಕ್ಕೂ ಸಿಲಿಂಡರಿಗೂ ನಡುವಿನ ಮ್ಯಾನಿಫೋಲ್ಡ್ ಎಂಬ ನಾಳದಲ್ಲಿ ಒತ್ತಡ ಕುಸಿಯುತ್ತದೆ. ಈ ಪುಕ್ಕಟೆ ಸೇವಕನನ್ನು ಮೋಟಾರು ಗಾಡಿಗಳಲ್ಲಿ ಬ್ರೇಕಿಗೆ ನೆರವಾಗುವುದೇ ಮೊದಲಾದ ಹಲವು ಕೆಲಸಗಳಿಗೆ ದುಡಿಸಿಕೊಂಡಿದ್ದಾರೆ. ಇರುಸಿನ ಕಾಲರನ್ನು ಜಾರಿಸುವ ಕೆಲಸವನ್ನೂ ಆತನಿಗೇ ಒಪ್ಪಿಸಲಾಯಿತು.

ಇರುಸಿನ ಬದಿಯಲ್ಲಿ ಒಂದು ಪುಟ್ಟ ಡಬ್ಬಿ. ಅದರೊಳಗೆ ಡಯಾಫ್ರಂ ಎಂಬ ರಬ್ಬರಿನ ಪೊರೆ. ಪೊರೆಗೆ ಸೇರಿದ ಒಂದು ಸರಳು, ಸರಳಿನಲ್ಲಿ ಒಂದು ಕವಲು, ಕವಲಿನ ಹಿಡಿತದಲ್ಲಿ ಕಾಲರು. ಟ್ರಾನ್ಸ್‌ಫರ್ ಕೇಸಿನ ಮೇಲೆ ಒಂದು ಸ್ವಿಚ್ಚು. ಚಾಲಕ ಸನ್ನೆಗೋಲನ್ನು ನಾಲ್ಕು ಚಕ್ರಗಳ ಸ್ಥಾನಕ್ಕೆ ತಂದೊಡನೆ ಸ್ವಿಚ್ಚು ಪೊರೆಯ ಒಂದು ಬದಿಗೆ ನಿರ್ವಾತವನ್ನು ತಿರುಗಿಸುತ್ತದೆ. ಇನ್ನೊಂದು ಬದಿಯ ಗಾಳಿ ಪೊರೆಯನ್ನು ಅದುಮುತ್ತದೆ. ಕಾಲರು ಜಾರಿ ಇರುಸು ಒಂದಾಗುತ್ತದೆ. ಸನ್ನೆಗೋಲನ್ನು ಹಿಂತಿರುಗಿಸಿದರೆ ಎಲ್ಲವೂ ವಿಪರ್ಯಯ. ಚಾಲಕನಿಗೆ ಇದಾವುದೂ ತಿಳಿಯಬೇಕಾಗಿಲ್ಲ. ಹೊಸ ಗಾಡಿಯಲ್ಲಿ ಈ ಸೇವೆ ಬಹು ಸೊಗಸಾಗಿಯೇ ನಡೆಯಿತು.

ಅದೃಶ್ಯ ಸೇವಕನ ವೃದ್ಧಾಪ್ಯ

ಆದರೆ ರಬ್ಬರಿಗೆ ಆಯುಸ್ಸು ಉಕ್ಕಿನಷ್ಟಿಲ್ಲ. ಆ ಕಾಲದ ಗಾಡಿಗಳಿಗೆ ಈಗ ಮೂವತ್ತು, ನಲ್ವತ್ತು ವರ್ಷ. ಇಂಜಿನಿನ ಬಿಸಿ, ಎಣ್ಣೆ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ಕಾಡುದಾರಿಯ ಕಲ್ಲುಮುಳ್ಳು ಇವುಗಳ ನಡುವೆ ನಳಿಗೆಗಳು ಒಣಗಿ ಬಿರಿಯುತ್ತವೆ. ಕೂದಲೆಳೆಯಷ್ಟು ಬಿರುಕು ಸಾಕು; ಗಾಳಿ ಒಳನುಗ್ಗಿ ನಿರ್ವಾತ ಮಾಯವಾಗುತ್ತದೆ. ಡಬ್ಬಿಯ ಪೊರೆ ಹರಿದರೂ ಅದೇ ಗತಿ. ಸ್ವಿಚ್ಚಿನ ಒಳಮುದ್ರೆ ಸವೆದರೆ ಇನ್ನೂ ದೊಡ್ಡ ತೊಂದರೆಯುಂಟು: ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನೇ ನಳಿಗೆಗಳು ಹೀರಿಕೊಂಡು ಗಾಡಿಯ ತುಂಬ ಹರಡುತ್ತವೆ.

ಕಾಲಧರ್ಮಕ್ಕೆ ಸ್ಥಳಧರ್ಮವೂ ಸೇರುತ್ತದೆ. ಬೆಟ್ಟ ಏರಿದಷ್ಟೂ ವಾಯುಮಂಡಲದ ಒತ್ತಡವೇ ಇಳಿಯುತ್ತದೆ. 10,000 ಅಡಿಯ ಮೇಲೆ ಅದು ಸಮುದ್ರಮಟ್ಟದ ನೂರಕ್ಕೆ ಸುಮಾರು 70 ಪಾಲು. ಇಮೊಜೀನ್ ಕಣಿವೆಯ ಎತ್ತರದಲ್ಲಿ ಮೂರನೆಯ ಎರಡು ಪಾಲೂ ಇಲ್ಲ. ಪೊರೆಯನ್ನು ಅದುಮಬೇಕಾದ ಗಾಳಿಯೇ ತೆಳುವಾದ ಮೇಲೆ ಅದರ ಬಲವೆಷ್ಟು? ಅದೂ ಅಲ್ಲದೆ, ಚಾಲಕ ಗಾಬರಿಯಿಂದ ಆ್ಯಕ್ಸಿಲರೇಟರನ್ನು ಒತ್ತಿದಷ್ಟೂ ಗಾಳಿಯ ದ್ವಾರ ತೆರೆದು ಮ್ಯಾನಿಫೋಲ್ಡಿನ ನಿರ್ವಾತ ಇನ್ನೂ ಕುಗ್ಗುತ್ತದೆ. ನಳಿಗೆಗಳೂ, ನಿರ್ವಾತವನ್ನು ಕೂಡಿಡುವ ಪಾತ್ರೆಯೂ, ಅದು ಹಿಂದೆ ಸೋರದಂತೆ ತಡೆಯುವ ಕವಾಟವೂ ಸುಸ್ಥಿತಿಯಲ್ಲಿದ್ದರೆ ಚಿಂತೆಯಿಲ್ಲ. ಅವು ಮುದಿಯಾಗಿದ್ದರೆ ಸೇವಕ ಕಣ್ಮರೆಯಾಗುವುದು ಅತ್ಯಂತ ಅವಶ್ಯವಾದ ಗಳಿಗೆಯಲ್ಲೇ.

ಇಷ್ಟಾದರೂ ಎಡಚಕ್ರವಾದರೂ ಎಳೆಯಬಾರದೆ? ಅದರ ಇರುಸು ತುಂಡಾಗಿಲ್ಲವಷ್ಟೆ! ಇಲ್ಲಿಯೇ ಡಿಫರೆನ್ಷಿಯಲಿನ ಕಠೋರ ನ್ಯಾಯ ಅಡ್ಡಬರುತ್ತದೆ. ಎರಡು ಕಡೆಗೂ ಸಮನಾದ ತಿರುಚುಬಲವನ್ನೇ ಕೊಡಬೇಕೆಂಬುದು ಅದರ ನಿಯಮ. ಬಲಗಡೆಯ ಒಳತುಂಡು ಯಾವುದಕ್ಕೂ ಅಂಟಿಲ್ಲದೆ ಬರಿದೆ ತಿರುಗುತ್ತಿರುವಾಗ ಅದಕ್ಕೆ ಬೇಕಾದ ಬಲ ಹೆಚ್ಚು ಕಡಿಮೆ ಸೊನ್ನೆ. ಬಲಕ್ಕೆ ಸೊನ್ನೆಯಾದರೆ ಎಡಕ್ಕೂ ಸೊನ್ನೆ. ಪ್ರೊಪೆಲರ್ ಷಾಫ್ಟು ತಿರುಗುತ್ತದೆ, ದೊಡ್ಡ ಗಾಲಿ ತಿರುಗುತ್ತದೆ, ಇರುಸಿನ ಕೊಳವೆಯೊಳಗೆ ಯಾರಿಗೂ ಕಾಣದಂತೆ ಒಂದು ತುಂಡು ಉಕ್ಕು ಭರದಿಂದ ಗಿರಕಿ ಹೊಡೆಯುತ್ತದೆ. ಚಕ್ರಗಳು ಮಾತ್ರ ನಿಂತಿರುತ್ತವೆ. ನಾಲ್ಕು ಚಕ್ರದ ಗಾಡಿ ಎರಡು ಚಕ್ರದ ಗಾಡಿಯಾಗುವುದು ಹೀಗೆ.

ಒಂದು ತಂತಿಯ ಉಪಾಯ

ಸೋರುವ ನಳಿಗೆಯನ್ನು ಹುಡುಕಿ ಬದಲಾಯಿಸುವುದು ಮೊದಲ ಚಿಕಿತ್ಸೆ. ಬಿರುಕು ಒಂದೇ ಕಡೆ ಇದ್ದರೆ ಅಷ್ಟೇ ಸಾಕು, ಅಗ್ಗವೂ ಹೌದು. ಆದರೆ ಹಳೆಯ ಗಾಡಿಯಲ್ಲಿ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೈಕೊಡುವುದು ರೂಢಿ. ಆಗ ಒಡೆಯನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಾಡಬೇಕಾದ ಕೆಲಸವಾದರೂ ಎಷ್ಟು? ಒಂದು ಕಾಲರನ್ನು ಅಂಗುಲದಷ್ಟು ಪಕ್ಕಕ್ಕೆ ಸರಿಸುವುದು. ಇದಕ್ಕೆ ಇಂಜಿನಿನ ಉಸಿರು, ಮಾರುಗಟ್ಟಲೆ ನಳಿಗೆ, ಸ್ವಿಚ್ಚು, ಕವಾಟ, ಪೊರೆ ಇಷ್ಟೆಲ್ಲ ಏಕೆ? ಬೈಸಿಕಲ್ಲಿನ ಬ್ರೇಕಿನಂತೆ ಒಂದು ತಂತಿ ಸಾಲದೆ?

ಸಾಲುತ್ತದೆ. ಹೊರಗೆ ಬಾಗುವ ಕವಚ, ಒಳಗೆ ಜಾರುವ ಉಕ್ಕಿನ ತಂತಿ. ಬೌಡನ್ ಎಂಬವನ ಹೆಸರಿನಿಂದ ಪ್ರಸಿದ್ಧವಾದ ಈ ಕೇಬಲ್ ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದಲೂ ಲೋಕದ ಸೇವೆ ಮಾಡುತ್ತಿದೆ. ಇಂಥ ಕೇಬಲನ್ನೂ, ನಿರ್ವಾತದ ಡಬ್ಬಿಯ ಸ್ಥಾನದಲ್ಲಿ ಕೂರುವ ಹೊಸ ಮುಚ್ಚಳವನ್ನೂ, ಚಾಲಕನ ಮುಂದೆ ಇರುವ ಹಿಡಿಯನ್ನೂ ಒಟ್ಟುಗೂಡಿಸಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟರು. ಪೋಸಿ-ಲಾಕ್ ಎಂಬುದು ಅವುಗಳಲ್ಲಿ ಹೆಸರಾದದ್ದು.

ಜೋಡಿಸುವ ಕೆಲಸ ಬಿಡುವಿನ ದಿನದಲ್ಲಿ ಮುಗಿಯುವಂಥದು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು. ಇರುಸಿನ ಬದಿಯ ಡಬ್ಬಿಯಿಂದ ನಳಿಗೆಗಳನ್ನು ಕಳಚಿ, ಬೋಲ್ಟುಗಳನ್ನು ಬಿಚ್ಚಿದರೆ ಡಬ್ಬಿ ಕವಲಿನೊಡನೆ ಹೊರಬರುತ್ತದೆ. ಒಳಗಿನ ಎಣ್ಣೆಯೂ ಒಂದಿಷ್ಟು ಹರಿದುಬರುವುದರಿಂದ ಕೆಳಗೆ ತಟ್ಟೆಯಿಡುವುದು ಲೇಸು. ಈಗ ತೆರೆದ ಕಿಂಡಿಯಲ್ಲಿ, ಇಷ್ಟು ಕಾಲ ಕಣ್ಣಿಗೆ ಬೀಳದಿದ್ದ ಆ ಕಾಲರು ಕಾಣುತ್ತದೆ! ಅದನ್ನು ಬೆರಳಿನಿಂದ ಜಾರಿಸಿ ನೋಡುವುದು ಕಡ್ಡಾಯ. ಕಾಲರೇ ತುಕ್ಕು ಹಿಡಿದು ಅಥವಾ ಹಲ್ಲು ಸವೆದು ಬಿಗಿದಿದ್ದರೆ ಅಪರಾಧ ನಿರ್ವಾತದ್ದಲ್ಲ. ತಂತಿ ಹಾಕಿಯೂ ಪ್ರಯೋಜನವಿಲ್ಲ.

ಕವಲನ್ನು ಹೊಸ ಮುಚ್ಚಳಕ್ಕೆ ಸೇರಿಸಿ, ಅದು ಕಾಲರಿನ ಗಾಡಿಯಲ್ಲಿ ಸರಿಯಾಗಿ ಕೂರುವಂತೆ ಇಟ್ಟು, ಎಣ್ಣೆ ಸೋರದಂತೆ ಅಂಟು ಹಚ್ಚಿ ಬೋಲ್ಟುಗಳನ್ನು ಬಿಗಿಯುತ್ತಾರೆ. ಇಂಜಿನಿಗೂ ಕುಳಿತುಕೊಳ್ಳುವ ಕೋಣೆಗೂ ನಡುವೆ ಇರುವ ತಗಡಿನ ಗೋಡೆಯ ಮೂಲಕ ಕೇಬಲನ್ನು ಒಳತರುತ್ತಾರೆ. ಕೆಲಸದ ನಾಜೂಕೆಲ್ಲ ಕೇಬಲಿನ ದಾರಿಯಲ್ಲಿದೆ. ಹೊಗೆಕೊಳವೆಯ ಬಿಸಿ ತಟ್ಟಬಾರದು. ಕಡಿದಾದ ತಿರುವು ಇರಬಾರದು, ಇದ್ದರೆ ಒಳತಂತಿ ಉಜ್ಜಿ ಬಿಗಿಯುತ್ತದೆ. ಚಕ್ರ ಹಳ್ಳಕ್ಕಿಳಿದಾಗ ಇರುಸು ಕೆಳಗಿಳಿಯುತ್ತದೆ, ಸ್ಟಿಯರಿಂಗ್ ತಿರುಗಿದಾಗ ಚಕ್ರಗಳು ಬದಿಗೆ ಬರುತ್ತವೆ. ಎರಡಕ್ಕೂ ಸಿಕ್ಕದಂತೆ, ಎಳೆದು ಹರಿಯದಂತೆ ಸಡಿಲು ಬಿಟ್ಟು ಅಲ್ಲಲ್ಲಿ ಕಟ್ಟಬೇಕು. ಬಿಚ್ಚಿದ ಹಳೆಯ ನಳಿಗೆಗಳ ಬಾಯಿ ಮುಚ್ಚಲು ಮರೆಯಬಾರದು. ಮರೆತರೆ ಇಂಜಿನು ಅಲ್ಲಿಂದ ಗಾಳಿ ಹೀರಿ ನಿಂತಲ್ಲಿ ನಡುಗುತ್ತದೆ. ಕೊನೆಗೆ ಹರಿದುಹೋದಷ್ಟು ಎಣ್ಣೆಯನ್ನು ಇರುಸಿಗೆ ತುಂಬಿದರೆ ಮುಗಿಯಿತು.

ಪರೀಕ್ಷೆಯೂ ಸುಲಭ. ಗಾಡಿ ಕದಲದಂತೆ ಮಾಡಿ, ಮುಂದಿನ ಎರಡೂ ಚಕ್ರಗಳನ್ನು ಜ್ಯಾಕಿನಿಂದ ಎತ್ತಿ ಭದ್ರವಾದ ಆಧಾರ ಕೊಡಬೇಕು. ಇಂಜಿನನ್ನು ನಿಲ್ಲಿಸಿ, ಗೇರಿನಲ್ಲಿಟ್ಟು, ಟ್ರಾನ್ಸ್‌ಫರ್ ಕೇಸನ್ನು ನಾಲ್ಕು ಚಕ್ರಗಳ ಸ್ಥಾನಕ್ಕೆ ತಂದರೆ ಪ್ರೊಪೆಲರ್ ಷಾಫ್ಟು ಅಲ್ಲಾಡದು. ಹಿಡಿಯನ್ನು ಬಿಡಿಸಿದ ಸ್ಥಾನದಲ್ಲಿಟ್ಟು ಬಲಚಕ್ರವನ್ನು ತಿರುಗಿಸಿದರೆ ಅದೊಂದೇ ತಿರುಗಬೇಕು. ಕೂಡಿಸಿದ ಸ್ಥಾನದಲ್ಲಿಟ್ಟು ತಿರುಗಿಸಿದರೆ ಎಡಚಕ್ರ ವಿರುದ್ಧ ದಿಕ್ಕಿಗೆ ತಿರುಗಬೇಕು. ಕಣ್ಣಾರೆ ಕಂಡ ಮೇಲೆ ಇನ್ನು ಸಂಶಯಕ್ಕೆಡೆಯಿಲ್ಲ.

ಕೈಗೆ ಬಂದ ಅಧಿಕಾರ, ಹೆಗಲಿಗೆ ಬಂದ ಹೊಣೆ

ತಂತಿಯಿಂದ ಒಂದು ಅನಿರೀಕ್ಷಿತ ಲಾಭವೂ ಉಂಟು. ಮೊದಲು ಟ್ರಾನ್ಸ್‌ಫರ್ ಕೇಸಿನ ಸನ್ನೆಗೋಲನ್ನು ಸರಿಸಿದೊಡನೆ ಇರುಸು ತಾನಾಗಿ ಕೂಡಿಕೊಳ್ಳುತ್ತಿತ್ತು. ಈಗ ಎರಡೂ ಬೇರೆ ಬೇರೆ. ನಿಧಾನದ, ಬಲವಾದ ಗೇರನ್ನು ಹಿಂದಿನ ಚಕ್ರಗಳಿಗೆ ಮಾತ್ರ ಕೊಡಬಹುದು. ಭಾರವಾದ ಟ್ರೇಲರನ್ನು ಗಟ್ಟಿನೆಲದ ಮೇಲೆ ಅಂಗುಲ ಅಂಗುಲವಾಗಿ ಹಿಂದಕ್ಕೆ ನೂಕುವವನಿಗೆ ಇದರ ಬೆಲೆ ಗೊತ್ತು. ಆದರೆ ಅಷ್ಟೂ ಬಲ ಆಗ ಹಿಂದಿನ ಇರುಸೊಂದರ ಮೇಲೆಯೇ ಬೀಳುವುದರಿಂದ ಆತುರ ಸಲ್ಲದು.

ಇನ್ನು ಹೊಣೆಯ ವಿಷಯ. ನಿರ್ವಾತ ತಾನಾಗಿ ಮಾಡುತ್ತಿದ್ದುದನ್ನು ಇನ್ನು ಚಾಲಕ ನೆನಪಿಟ್ಟು ಮಾಡಬೇಕು, ಅದೂ ಕ್ರಮವಾಗಿ. ಗಾಡಿ ನಿಂತಿರುವಾಗ ಕೂಡಿಸುವುದೇ ಎಲ್ಲಕ್ಕಿಂತ ಕ್ಷೇಮ. ಹಲ್ಲುಗಳು ಎದುರುಬದಿರಾಗದೆ ಕಾಲರು ಒಮ್ಮೆಗೇ ಸೇರದಿದ್ದರೆ ಗಾಡಿಯನ್ನು ಒಂದಿಷ್ಟು ಮುಂದಕ್ಕೆ ಉರುಳಿಸಬೇಕಷ್ಟೆ. ಓಡುವ ಗಾಡಿಯಲ್ಲಿ ಮೊದಲು ತಂತಿಯನ್ನು ಎಳೆದರೆ ಅನಾಹುತ. ಇರುಸಿನ ಒಂದು ತುಂಡು ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗುತ್ತಿರುವಾಗ ಕಾಲರು ಅವುಗಳ ನಡುವೆ ಸಿಕ್ಕಿ ಹಲ್ಲು ಮುರಿದೀತು. ಬಿಡಿಸುವಾಗ ಮೊದಲು ಟ್ರಾನ್ಸ್‌ಫರ್ ಕೇಸನ್ನು ಎರಡು ಚಕ್ರಗಳ ಸ್ಥಾನಕ್ಕೆ ತಂದು ಇರುಸಿನ ಮೇಲಿನ ಬಿಗಿತವನ್ನು ಕಳೆದು, ಆಮೇಲೆ ತಂತಿಯನ್ನು ಬಿಡಿಸಬೇಕು.

ಮರೆವು ಇನ್ನೊಂದು ಶತ್ರು. ತಂತಿ ಎಳೆಯಲು ಮರೆತರೆ ಬೆಟ್ಟದ ಮೇಲೆ ಮತ್ತೆ ಅದೇ ಹೊಂಡ, ಅದೇ ಕೆಸರು. ಹಲವು ಗಾಡಿಗಳಲ್ಲಿ ನಾಲ್ಕು ಚಕ್ರ ಕೂಡಿದೆಯೆಂದು ಸೂಚಿಸುವ ದೀಪವೂ ನಿರ್ವಾತದಿಂದಲೇ ಹೊತ್ತುತ್ತಿತ್ತು. ನಳಿಗೆ ಕಿತ್ತ ಮೇಲೆ ಆ ದೀಪವೂ ಆರಿತು. ಹಿಡಿ ಎಲ್ಲಿದೆಯೆಂದು ನೋಡುವ ಕಣ್ಣೇ ಇನ್ನು ದೀಪ. ತಂತಿಯೂ ಅಮರವಲ್ಲ. ನೀರು ಸೇರಿದರೆ ತುಕ್ಕು ಹಿಡಿಯುತ್ತದೆ. ಕೊರೆಯುವ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿ ಬಿಗಿಯುತ್ತದೆ. ತಿಂಗಳಿಗೊಮ್ಮೆಯಾದರೂ ಎಳೆದು ಬಿಟ್ಟು, ಆಗಾಗ ಎಣ್ಣೆ ಕಾಣಿಸುತ್ತಿದ್ದರೆ ಅದು ಬಹುಕಾಲ ಬಾಳುತ್ತದೆ. ಮುಖ್ಯವಾದ ವ್ಯತ್ಯಾಸ ಇಷ್ಟೆ: ನಿರ್ವಾತ ಕೆಟ್ಟಾಗ ಹೇಳದೆ ಕೆಡುತ್ತದೆ. ತಂತಿ ಕೆಡುವ ಮೊದಲು ಬಿಗಿಯಾಗಿ, ಸಡಿಲಾಗಿ, ಕೈಗೆ ಸುಳಿವು ಕೊಡುತ್ತದೆ.

ಹಳೆಯ ಪ್ರಶ್ನೆ, ಹೊಸ ಉತ್ತರಗಳು

ಬೇರೆ ದಾರಿಗಳೂ ಇಲ್ಲದಿಲ್ಲ. ಕೆಲವರು ತುಂಡಾದ ಇರುಸನ್ನೇ ತೆಗೆದು ಅಖಂಡವಾದ ಇರುಸನ್ನು ಹಾಕುತ್ತಾರೆ. ಆಗ ಎಳೆಯಲು ತಂತಿಯೂ ಬೇಡ, ಮರೆಯಲು ಕೆಲಸವೂ ಇಲ್ಲ. ಆದರೆ ಬರಿಗಲ್ಲು ಬೀಸುವ ಹಳೆಯ ನಷ್ಟ ಮರಳಿ ಬರುತ್ತದೆ. ಕಾರ್ಖಾನೆಯೂ ಒಮ್ಮೆ ಇದೇ ದಾರಿ ಹಿಡಿಯಿತು. 1997ರ ಮಾದರಿಯ ರ್‍ಯಾಂಗ್ಲರಿನಲ್ಲಿ ಮುಂದಿನ ಇರುಸನ್ನು ಬಿಡಿಸುವ ಏರ್ಪಾಡೇ ಇರಲಿಲ್ಲ. ಆದರೆ ಪೆಟ್ರೋಲಿನ ಉಳಿತಾಯದ ಪ್ರಶ್ನೆ ಬಲವಾದಂತೆ ತುಂಡು ಇರುಸು ಮತ್ತೆ ಕಾಣಿಸಿಕೊಂಡಿತು. 2018ರ ಮಾದರಿಯ ರ್‍ಯಾಂಗ್ಲರಿನಲ್ಲಿ ಅದೇ ಕಾಲರನ್ನು ಸರಿಸಲು ವಿದ್ಯುತ್ ಮೋಟಾರನ್ನು ಇಟ್ಟರು. ನಿರ್ವಾತ ಹೋಯಿತು, ವಿದ್ಯುತ್ತು ಬಂದಿತು. ಕೈ ಮತ್ತೆ ದೂರವಾಯಿತು.

ಕನ್ನಡನಾಡಿಗೆ ಜೀಪು ಅಪರಿಚಿತವಲ್ಲ. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರಾ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಅದು ಮನೆಯ ಆಳಿನಂತೆ ಒಗ್ಗಿಹೋಯಿತು. ರಜೆಯಲ್ಲಿ ಮಡಿಕೇರಿಗೆ ಹೋಗಿ ಮಾಂದಲಪಟ್ಟಿಯ ದಿಣ್ಣೆಯನ್ನು ಬಾಡಿಗೆ ಜೀಪಿನಲ್ಲಿ ಏರಿದ ಕುಟುಂಬಗಳು ಎಷ್ಟೋ. ಕೆಸರು ಬಂದಲ್ಲಿ ಚಾಲಕ ಸಣ್ಣ ಸನ್ನೆಗೋಲನ್ನು ಎಳೆಯುವುದನ್ನು, ಗಾಡಿ ಒಮ್ಮೆ ಕುಲುಕಿ ಮುಂದಿನ ಚಕ್ರಗಳಿಂದ ನೆಲವನ್ನು ಕಚ್ಚಿಕೊಳ್ಳುವುದನ್ನು ಹಿಂದೆ ಕುಳಿತ ಮಕ್ಕಳು ಬೆರಗಿನಿಂದ ನೋಡಿದ್ದಾರೆ. ಆ ಹಳೆಯ ಜೀಪಿನ ಸನ್ನೆಗೋಲಿಗೂ ಹಲ್ಲಿನ ಗಾಲಿಗೂ ನಡುವೆ ಉಕ್ಕಿನ ಹೊರತು ಬೇರೇನೂ ಇಲ್ಲ.

ಸೌಕರ್ಯ ಬೇಡವೆಂದು ಯಾರೂ ಹೇಳಲಾರರು. ಕೆಸರಿನಲ್ಲಿ ಇಳಿದು ಮಂಡಿಯೂರುವ ಕಷ್ಟವನ್ನು ತಪ್ಪಿಸಿದ ಇಂಜಿನಿಯರುಗಳ ಬುದ್ಧಿ ದೊಡ್ಡದೇ. ಆದರೆ ಕಾಣದಂತೆ ಕೆಲಸ ಮಾಡುವ ಸೇವಕ ಕಾಣದಂತೆಯೇ ಕೆಲಸ ಬಿಟ್ಟುಹೋಗಬಲ್ಲ. ನಳಿಗೆಯನ್ನಾಗಲಿ ತಂತಿಯನ್ನಾಗಲಿ, ಬೆಟ್ಟ ಏರುವ ಮೊದಲು ಮನೆಯಂಗಳದಲ್ಲೇ ಒಮ್ಮೆ ಪರೀಕ್ಷಿಸಿ ನೋಡುವವನೇ ಜಾಣ. 13,114 ಅಡಿಯ ಮೇಲೆ, ಆಲಿಕಲ್ಲಿನ ಮಳೆಯಲ್ಲಿ, ಹಿಂದಿನ ಸೀಟಿನಿಂದ "ಅಪ್ಪ, ಯಾಕೆ ಹೋಗುತ್ತಿಲ್ಲ?" ಎಂಬ ಪ್ರಶ್ನೆ ಬಂದಾಗ, ಉತ್ತರ ಹಿಡಿಯ ರೂಪದಲ್ಲಿ ಕೈಗೆಟುಕುವಂತಿರುವುದು ಸಣ್ಣ ಭಾಗ್ಯವೇನಲ್ಲ.